ನಕಾಶೆಯೂ ಖಾತೆಯೂ

ರಾಜ್ಯೋತ್ಸವವೆಂಬುದು ಒಂದರ್ಥದಲ್ಲಿ ನಕಾಶೆಯ ಹಬ್ಬ. ಮುಂಬಯಿ, ಹೈದರಾಬಾದು, ಮದರಾಸುಗಳಲ್ಲಿ ಹಂಚಿಹೋಗಿದ್ದ ಕನ್ನಡ ಜಿಲ್ಲೆಗಳೂ ಕೊಡಗೂ ೧೯೫೬ರ ನವೆಂಬರ್ ೧ರಂದು ಮೈಸೂರಿನೊಡನೆ ಒಂದಾದುವು. ೧೯೭೩ರ ನವೆಂಬರ್ ೧ರಂದು ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಪುಣೆಯಲ್ಲಿ ನೆಲೆಸಿರುವ ನಾವು ಆ ಗೆರೆಯ ಹೊರಗಿದ್ದರೂ ಗೆರೆ ಎಲ್ಲಿ ಬಿದ್ದಿತು, ಎಲ್ಲಿ ಬೀಳಬೇಕಾಗಿತ್ತು ಎಂಬುದನ್ನು ಪ್ರತಿವರ್ಷವೂ ಚರ್ಚಿಸುತ್ತೇವೆ. ಅದು ತಕ್ಕದ್ದೇ. ಆದರೆ ಗೆರೆಯ ಒಳಗಿರುವ ನೆಲವೆಷ್ಟು, ನೀರೆಷ್ಟು, ಅಡವಿಯೆಷ್ಟು, ಅವುಗಳ ಲೆಕ್ಕ ಯಾರ ಕೈಯಲ್ಲಿದೆ, ಆ ಲೆಕ್ಕ ಸರಿಯಾಗಿದೆಯೇ ಎಂಬ ಮಾತು ನಮ್ಮ ಸಭೆಗಳಲ್ಲಿ ಅಪರೂಪ. ಆ ಮಾತನ್ನು ಈ ಸ್ಮರಣ ಸಂಚಿಕೆಯಲ್ಲಿ ಎತ್ತಬೇಕೆಂದು ನನ್ನ ಆಸೆ.

ನಾನು ಇತಿಹಾಸಕಾರನಲ್ಲ, ವಿಜ್ಞಾನಿಯಂತೂ ಅಲ್ಲವೇ ಅಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನ ಗುಮಾಸ್ತನಾದವನು. ಖಾತೆ, ಜಮಾ, ಖರ್ಚು, ತಾಳೆ ಇವಿಷ್ಟೇ ನನ್ನ ವಿದ್ಯೆ. ನಕಾಶೆಯ ವಿದ್ಯೆಗೆ ನಾನು ಬಂದದ್ದು ಒಂದು ತಪ್ಪಿನ ಮೂಲಕ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನೌಕರಿಯ ಮೊದಲ ವರ್ಷಗಳಲ್ಲಿ ನಾನು ಭೀಮಾತೀರದ ಒಂದು ಹಳ್ಳಿಯ ಶಾಖೆಯಲ್ಲಿದ್ದೆ. ಬೆಳೆಸಾಲದ ಕಾಗದಗಳು ನನ್ನ ಮೇಜಿಗೆ ಬರುತ್ತಿದ್ದುವು. ಸಾಲ ಎಷ್ಟೆಂಬುದು ಬೆಳೆಯ ಮೇಲೆ, ಬೆಳೆ ಯಾವುದೆಂಬುದು ನೀರಿನ ಮೇಲೆ, ನೀರು ಇದೆಯೋ ಇಲ್ಲವೋ ಎಂಬುದು ಉತಾರದ ಮೇಲೆ. ಉತಾರದಲ್ಲಿ ಬಾವಿ ಎಂದಿದ್ದರೆ ಕಬ್ಬಿಗೆ ಸಾಲ, ಇಲ್ಲದಿದ್ದರೆ ಜೋಳಕ್ಕೆ. ಒಬ್ಬ ಹಿರಿಯ ರೈತರ ಉತಾರದಲ್ಲಿ ಬಾವಿಯಿತ್ತು. ಕಬ್ಬಿಗೆ ಸಾಲ ಮಂಜೂರಾಯಿತು. ಕಬ್ಬು ಮೊಳಕಾಲೆತ್ತರಕ್ಕೆ ಬಂದು ಒಣಗಿತು. ಕಂತು ತಪ್ಪಿತು. ನೋಟೀಸು ಸಿದ್ಧಪಡಿಸಿದವನು ನಾನೇ. ಅದನ್ನು ಹಿಡಿದುಕೊಂಡು ಅವರು ಕೌಂಟರಿಗೆ ಬಂದರು. “ಅಜ್ಜಾರ, ಉತಾರದಾಗ ಬಾವಿ ಐತಲ್ರಿ, ಮತ್ತ ಬೆಳಿ ಯಾಕ ಒಣಗ್ತು?” ಎಂದು ನಾನು ಕೇಳಿದೆ. ಅವರು ಸಿಟ್ಟಾಗಲಿಲ್ಲ. “ಸಾಹೇಬ್ರ, ನಿಮ್ಮ ಉತಾರದಾಗ ನೀರ ಐತಿ, ನನ್ನ ಬಾವ್ಯಾಗ ಇಲ್ಲ. ನೀವು ಸಾಲ ಕೊಟ್ಟಿದ್ದು ಉತಾರಕ್ಕೋ, ಬಾವಿಗೋ?” ಎಂದರು.

ಆ ಬಾವಿ ಬತ್ತಿ ಹತ್ತು ವರ್ಷಗಳ ಮೇಲಾಗಿತ್ತು. ಹೊಸ ಕೊಳವೆ ಬಾವಿಯ ನಂಬಿಕೆಯ ಮೇಲೆ ಅವರು ಕಬ್ಬು ಹಚ್ಚಿದ್ದರು, ಅದೂ ಕೈಕೊಟ್ಟಿತ್ತು. ಅವರು ಎರಡೆಕರೆ ಮಾರಿ ಬಾಕಿ ತೀರಿಸಿದರೆಂದು ನಾನು ಪುಣೆಗೆ ವರ್ಗವಾಗಿ ಬಂದ ಮೇಲೆ ತಿಳಿಯಿತು. ನಮ್ಮ ಪುಸ್ತಕದಲ್ಲಿ ಆ ಖಾತೆ ಸರಿಯಾಗಿ ಮುಕ್ತಾಯಗೊಂಡಿತು. ನನ್ನ ಮನಸ್ಸಿನಲ್ಲಿ ಮಾತ್ರ ಅದು ಇನ್ನೂ ತಾಳೆಯಾಗಿಲ್ಲ. ಅವರ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ, ಅದು ಒಬ್ಬ ರೈತರ ಪ್ರಶ್ನೆಯಲ್ಲ, ಇನ್ನೂರು ವರ್ಷಗಳಿಗೂ ಹಳೆಯದಾದ ಪ್ರಶ್ನೆಯೆಂಬುದು ಗೊತ್ತಾಯಿತು.

ಎರಡು ಕಪಾಟುಗಳು

ನೆಲದ ವಿಷಯದಲ್ಲಿ ನಮ್ಮಲ್ಲಿ ಎರಡು ಬಗೆಯ ದಾಖಲೆಗಳಿವೆ. ಒಂದು ನಕಾಶೆ. ಹೊಲ ಎಲ್ಲಿದೆ, ಅದರ ಆಕಾರವೇನು, ಹಳ್ಳ ಎಲ್ಲಿ ಹರಿಯುತ್ತದೆ ಎಂಬುದನ್ನು ಅದು ತೋರಿಸುತ್ತದೆ. ಇನ್ನೊಂದು ಖಾತೆ. ಹೊಲ ಯಾರದು, ಮಣ್ಣು ಎಂಥದು, ಬೆಳೆ ಯಾವುದು, ಕಂದಾಯವೆಷ್ಟು ಎಂಬುದನ್ನು ಅದು ಹೇಳುತ್ತದೆ. ನಕಾಶೆ ಮೋಜಣಿ ಕಚೇರಿಯ ಕಪಾಟಿನಲ್ಲಿ, ಖಾತೆ ತಲಾಟಿಯ ದಫ್ತರದಲ್ಲಿ. ಎರಡಕ್ಕೂ ನಡುವೆ ಇರುವ ಕೊಂಡಿ ಸರ್ವೇ ನಂಬರು ಒಂದೇ.

ಇಂದು ಜಿ.ಐ.ಎಸ್. ಎಂದು ಕರೆಯುವ ಭೌಗೋಳಿಕ ಮಾಹಿತಿ ವ್ಯವಸ್ಥೆಯು ಈ ಎರಡು ಕಪಾಟುಗಳನ್ನು ಒಂದುಮಾಡುವ ವಿದ್ಯೆ. ಕಂಪ್ಯೂಟರಿನಲ್ಲಿರುವ ನಕಾಶೆಯ ಮೇಲೆ ಒಂದು ಹೊಲವನ್ನು ಮುಟ್ಟಿದರೆ ಅದರ ಖಾತೆಯ ಸಾಲು ತೆರೆದುಕೊಳ್ಳುತ್ತದೆ. ಖಾತೆಯಲ್ಲಿ “ಬತ್ತಿದ ಬಾವಿಗಳೆಲ್ಲ” ಎಂದು ಕೇಳಿದರೆ ನಕಾಶೆಯ ಮೇಲೆ ಅಷ್ಟೂ ಬಾವಿಗಳು ಹೊಳೆಯುತ್ತವೆ. ಮಣ್ಣಿನದೊಂದು, ಇಳಿಜಾರಿನದೊಂದು, ಹಳ್ಳಕೊಳ್ಳಗಳದೊಂದು, ಬೆಳೆಯದೊಂದು ಹೀಗೆ ಬೇರೆ ಬೇರೆ ನಕಾಶೆಗಳನ್ನು ಪಾರದರ್ಶಕ ಕಾಗದಗಳಂತೆ ಒಂದರ ಮೇಲೊಂದು ಹಾಸಿ, ಎಲ್ಲ ಪದರಗಳೂ ಸೇರಿ ಹೇಳುವುದೇನೆಂದು ನೋಡಬಹುದು. ಯಂತ್ರ ಹೊಸದು, ಹೆಸರು ಹೊಸದು. ಆದರೆ ಆಸೆ ಬಹಳ ಹಳೆಯದು. ಅದರ ಮೊದಲ ಹೆಜ್ಜೆಗಳಲ್ಲಿ ಕೆಲವು ನಮ್ಮ ನೆಲದ ಮೇಲೆಯೇ ಬಿದ್ದಿವೆಯೆಂಬುದು ಗಮನಿಸತಕ್ಕ ಸಂಗತಿ.

ಶ್ರೀರಂಗಪಟ್ಟಣದ ನಂತರ

೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರಕಾರಕ್ಕೆ ತನ್ನ ಕೈಗೆ ಬಂದ ಸೀಮೆ ಎಂಥದೆಂದು ತಿಳಿಯಬೇಕಾಗಿತ್ತು. ಆಗ ಎರಡು ಮೋಜಣಿಗಳು ಹೆಚ್ಚುಕಡಿಮೆ ಒಟ್ಟಿಗೆ ಹೊರಟುವು. ಕಾಲಿನ್ ಮೆಕೆಂಜಿಯ ಮೋಜಣಿ ಮೈಸೂರು ಸೀಮೆಯ ಸುಮಾರು ೪೦,೦೦೦ ಚದರ ಮೈಲಿಗಳನ್ನು ವ್ಯಾಪಿಸಿತು. ಊರು, ಗಡಿ, ದಾರಿಗಳನ್ನು ಗುರುತಿಸುವುದರ ಜೊತೆಗೆ ಊರೂರಿನ ವಿವರಗಳನ್ನೂ ಅವನು ಕಲೆಹಾಕಿಸಿದ. ಕಾವಲಿ ವೆಂಕಟ ಬೊರಯ್ಯನಂಥ ದೇಶೀಯ ಸಹಾಯಕರಿಲ್ಲದಿದ್ದರೆ ಆ ಕೆಲಸ ಸಾಗುತ್ತಿರಲಿಲ್ಲ. ಶಾಸನ, ಹಸ್ತಪ್ರತಿಗಳ ಸಂಗ್ರಹಕಾರನೆಂದು ಸಾಹಿತ್ಯದವರು ನೆನೆಯುವ ಮೆಕೆಂಜಿ ಇವನೇ. ೧೮೧೫ರಲ್ಲಿ ಇವನು ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆದ. ನಕಾಶೆಯ ಜೊತೆಗೆ ವಿವರವೂ ಇರಬೇಕೆಂಬುದು ಇವನ ಪಟ್ಟು.

ಇನ್ನೊಬ್ಬ ವಿಲಿಯಂ ಲ್ಯಾಂಬ್ಟನ್. ಇವನಿಗೆ ಬೇಕಾದದ್ದು ನಿಖರವಾದ ಸ್ಥಾನ. ೧೮೦೦ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗಳ ಮೇಲಿನ ಒಂದು ನೇರ ಗೆರೆಯನ್ನು ನೂರಡಿಯ ಉಕ್ಕಿನ ಸರಪಳಿಯಿಂದ ಅಳೆದ. ಆ ಸರಪಳಿ ಚೀನದ ಚಕ್ರವರ್ತಿಗೆ ಕಾಣಿಕೆಯೆಂದು ಹೋಗಿ ಬೇಡವೆನಿಸಿಕೊಂಡು ಮರಳಿದ್ದು. ಬಿಸಿಲಿಗೆ ಉಕ್ಕು ಹಿಗ್ಗುತ್ತದಾದ್ದರಿಂದ ಸರಪಳಿಯ ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು, ಹಿಗ್ಗಿದ್ದಷ್ಟನ್ನು ಲೆಕ್ಕದಲ್ಲಿ ಸರಿದೂಗಿಸುತ್ತಿದ್ದರು. ೧೮೦೨ರಲ್ಲಿ ಮದರಾಸಿನ ಸೇಂಟ್ ಥಾಮಸ್ ಗುಡ್ಡದ ಬಳಿ ಹೊಸ ಯಂತ್ರಸಾಮಗ್ರಿಯೊಡನೆ ಮತ್ತೊಂದು ಮೂಲರೇಖೆಯನ್ನು ಅಳೆದು, ಅಲ್ಲಿಂದ ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಬಂದರು. ತ್ರಿಕೋನದ ಒಂದು ಬದಿಯೂ ಕೋನಗಳೂ ಗೊತ್ತಿದ್ದರೆ ಉಳಿದ ಬದಿಗಳನ್ನು ನಡೆಯದೆಯೇ ಲೆಕ್ಕಹಾಕಬಹುದಷ್ಟೆ.

ಇಲ್ಲಿ ಬ್ಯಾಂಕಿನವನಿಗೆ ರುಚಿಸುವ ಸಂಗತಿಯೊಂದಿದೆ. ೧೮೦೪ರಲ್ಲಿ ಬೆಂಗಳೂರಿನ ಬಳಿ ಮತ್ತೆ ಒಂದು ಗೆರೆಯನ್ನು ನೆಲದ ಮೇಲೆ ಅಳೆದರು. ಅದೇ ಗೆರೆಯ ಉದ್ದವನ್ನು ಮದರಾಸಿನಿಂದ ಬಂದ ತ್ರಿಕೋನಗಳ ಮೂಲಕವೂ ಲೆಕ್ಕಹಾಕಿದರು. ನೂರೈವತ್ತಕ್ಕೂ ಹೆಚ್ಚು ಮೈಲಿ ದಾಟಿಬಂದ ಆ ಲೆಕ್ಕಕ್ಕೂ ನೆಲದ ಅಳತೆಗೂ ಬಿದ್ದ ಅಂತರ ಸುಮಾರು ೩.೭ ಇಂಚು! ನಾವು ದಿನದ ಕೊನೆಗೆ ರೋಖು ತಾಳೆ ನೋಡುವುದು ಇದೇ ರೀತಿಯಲ್ಲಿ. ಪುಸ್ತಕದ ಮೊತ್ತ ಒಂದು ಕಡೆ, ಪೆಟ್ಟಿಗೆಯ ಹಣ ಒಂದು ಕಡೆ. ಪುಸ್ತಕವನ್ನೇ ನಂಬಿ ಪೆಟ್ಟಿಗೆಯನ್ನು ಎಣಿಸದ ಗುಮಾಸ್ತ ಬಹಳ ದಿನ ಬಾಳಲಾರ. ಲ್ಯಾಂಬ್ಟನ್ ಮತ್ತೆ ಮತ್ತೆ ನೆಲಕ್ಕೆ ಇಳಿದು ಎಣಿಸಿದ. ೧೮೧೫ರಲ್ಲಿ ಬೀದರಿನ ಬಳಿಯೂ ಒಂದು ಮೂಲರೇಖೆಯನ್ನು ಅಳೆದರು. ೧೮೨೩ರ ಜನವರಿಯಲ್ಲಿ ಹಿಂಗಣಘಾಟಿನಲ್ಲಿ ಅವನು ತೀರಿಕೊಂಡ ಮೇಲೆ ಆ ಕೆಲಸ ಜಾರ್ಜ್ ಎವರೆಸ್ಟನ ಪಾಲಿಗೆ ಬಂತು. ಈ ಅಳತೆಗಳ ಆಧಾರದ ಮೇಲೆ ೧೮೩೦ರಲ್ಲಿ ಎವರೆಸ್ಟ್ ಭೂಮಿಯ ಆಕಾರಕ್ಕೆ ಕೊಟ್ಟ ಲೆಕ್ಕವೇ ಮುಂದೆ ಒಂದೂಮುಕ್ಕಾಲು ಶತಮಾನದವರೆಗೆ ನಮ್ಮ ದೇಶದ ನಕಾಶೆಗಳಿಗೆಲ್ಲ ತಳಹದಿಯಾಯಿತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇಂದಾಪುರದ ಪಾಠ

ಸ್ಥಾನ ಗೊತ್ತಾಯಿತು. ಆದರೆ ಮಣ್ಣಿನ ಲೆಕ್ಕ? ಈ ಕಥೆ ನಡೆದದ್ದು ನಮ್ಮ ಪುಣೆಯ ಜಿಲ್ಲೆಯಲ್ಲೇ. ಪೇಶವೆಯರ ರಾಜ್ಯ ಹೋದ ಮೇಲೆ ಆರ್. ಕೆ. ಪ್ರಿಂಗಲ್ ಎಂಬ ಅಧಿಕಾರಿ ೧೮೨೭-೨೮ರ ಸುಮಾರಿಗೆ ಇಲ್ಲಿ ಮೋಜಣಿ ಪ್ರಾರಂಭಿಸಿದ. ಅವನು ಅರ್ಥಶಾಸ್ತ್ರವನ್ನು ಓದಿಕೊಂಡಿದ್ದ ಬುದ್ಧಿವಂತ. ಪ್ರತಿಯೊಂದು ಜಾತಿಯ ಮಣ್ಣಿಗೂ ಫಸಲೆಷ್ಟು, ಖರ್ಚೆಷ್ಟು, ಉಳಿತಾಯವೆಷ್ಟು ಎಂದು ಸೂಕ್ಷ್ಮವಾಗಿ ಲೆಕ್ಕಹಾಕಿ, ಆ ಉಳಿತಾಯದಲ್ಲಿ ನೂರಕ್ಕೆ ೫೫ ಪಾಲು ಸರಕಾರದ್ದೆಂದು ಗೊತ್ತುಮಾಡಿದ. ಕಾಗದದ ಮೇಲೆ ಇದು ಬಹು ಚೆಂದದ ಲೆಕ್ಕ. ಆದರೆ ಹೊಲದಲ್ಲಿ ನಿಂತು ಅಳೆದ ಕೈಗಳು ಶುದ್ಧವಾಗಿರಲಿಲ್ಲ. ಫಸಲಿನ ಅಂದಾಜು ಹೆಚ್ಚಾಗಿತ್ತು. ಮಳೆಯೂ ಕೈಕೊಟ್ಟಿತು. ಪರಿಣಾಮವೇನೆಂದರೆ ರೈತರು ಸಾಗುವಳಿ ಬಿಟ್ಟರು, ಊರು ಬಿಟ್ಟರು. ಇಂದಾಪುರ ತಾಲ್ಲೂಕಿನಲ್ಲಿ ಉಳುವವರಿಲ್ಲದೆ ಹೊಲಗಳು ಬೀಳುಬಿದ್ದುವು. ತಪ್ಪಿದ ಖಾತೆ ಒಂದು ಸೀಮೆಯನ್ನೇ ಬರಿದುಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

೧೮೩೫ರಲ್ಲಿ ಇಂದಾಪುರಕ್ಕೆ ಬಂದ ಗೋಲ್ಡ್‌ಸ್ಮಿಡ್ ಮತ್ತು ಲೆಫ್ಟಿನೆಂಟ್ ವಿಂಗೇಟ್ ಪುಸ್ತಕದ ಸಿದ್ಧಾಂತವನ್ನು ಬದಿಗಿಟ್ಟು ಹೊಲದಿಂದ ಪ್ರಾರಂಭಿಸಿದರು. ಕಂದಾಯವನ್ನು ಇಳಿಸಿ ಮೂವತ್ತು ವರ್ಷಗಳಿಗೆ ನಿಲ್ಲಿಸಿದರು. ಬಿಟ್ಟ ಹೊಲಗಳಿಗೆ ನೇಗಿಲು ಮರಳಿತು. ಈ ಪದ್ಧತಿ ೧೮೪೦ರ ದಶಕದಲ್ಲಿ ಧಾರವಾಡ, ಬೆಳಗಾವಿಗಳ ಕಡೆಗೂ ಹರಡಿತು. ೧೮೪೭ರ ಜಂಟಿ ವರದಿಯಲ್ಲಿ ಅದರ ನಿಯಮಗಳು ಸ್ಥಿರಪಟ್ಟುವು. ಮೈಸೂರು ಸಂಸ್ಥಾನವೂ ೧೮೬೩ರಿಂದ ಇದೇ ಮಾದರಿಯ ಮೋಜಣಿಯನ್ನು ಕೈಗೊಂಡಿತು.

ಈ ಪದ್ಧತಿಯಲ್ಲಿ ಮಣ್ಣಿನ ತರಗತಿ ಗೊತ್ತುಮಾಡುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ತರಗತಿ ಮಾಡುವವನು ಹೊಲದ ಆಕಾರವನ್ನು ಕಾಗದದ ಮೇಲೆ ಬರೆದುಕೊಂಡು ಅದನ್ನು ಚೌಕಗಳಾಗಿ ಭಾಗಿಸುತ್ತಿದ್ದ. ಹೊಲದಲ್ಲಿ ಆ ಚೌಕಗಳ ಜಾಗಕ್ಕೆ ಹೋಗಿ ಅಗೆದು ನೋಡಿ, ಮಣ್ಣಿನ ಜಾತಿಯನ್ನೂ ಆಳವನ್ನೂ ಗುರುತುಹಾಕುತ್ತಿದ್ದ. ಒಂದೂಮುಕ್ಕಾಲು ಮೊಳ ಆಳದ ಉತ್ತಮ ಎರಿ ಮಣ್ಣಾದರೆ ಹದಿನಾರಾಣೆ. ಆಳ ಕಡಿಮೆಯಾದಂತೆ ಹದಿನಾಲ್ಕು, ಹನ್ನೆರಡು, ಹತ್ತು ಹೀಗೆ ಎರಡಾಣೆಯವರೆಗೆ ಇಳಿಯುತ್ತಿತ್ತು. ಅದರಮೇಲೆ ದೋಷಗಳನ್ನು ನೋಡುತ್ತಿದ್ದರು. ಸುಣ್ಣದ ಹರಳು ಬೆರೆತಿದೆಯೇ? ಮರಳಿದೆಯೇ? ನೆಲ ಇಳಿಜಾರಾಗಿದೆಯೇ? ಮಳೆಯ ನೀರು ಕೊಚ್ಚುತ್ತದೆಯೇ? ನೀರು ಇಂಗದೆ ನಿಲ್ಲುತ್ತದೆಯೇ? ಒಂದೊಂದು ದೋಷಕ್ಕೂ ಒಂದೊಂದು ಚಿಹ್ನೆ, ಒಂದೊಂದು ಚಿಹ್ನೆಗೂ ಒಂದೊಂದು ತರಗತಿ ಕೆಳಗೆ. ಎಲ್ಲ ಚೌಕಗಳ ಆಣೆಗಳನ್ನು ಕೂಡಿಸಿ ಭಾಗಿಸಿದರೆ ಹೊಲದ ಸರಾಸರಿ ಬೆಲೆ ಸಿಕ್ಕಿತು.

ಇಂದು ಕಂಪ್ಯೂಟರಿನ ಮುಂದೆ ಕುಳಿತು ಜಿ.ಐ.ಎಸ್. ಕಲಿಯುವ ವಿದ್ಯಾರ್ಥಿ ಮಾಡುವುದು ಹೆಚ್ಚುಕಡಿಮೆ ಇದನ್ನೇ. ನೆಲವನ್ನು ಚೌಕಗಳಾಗಿ ಒಡೆ, ಚೌಕಕ್ಕೊಂದು ಅಂಕಿ ಕೊಡು, ಮಣ್ಣಿನ ಪದರದ ಮೇಲೆ ಇಳಿಜಾರಿನ ಪದರ ಹಾಸು, ಗುಣಕ್ಕೆ ಕೂಡು, ದೋಷಕ್ಕೆ ಕಳೆ. ಹದಿನಾರಾಣೆಯ ಬದಲು ನೂರು ಅಂಕ, ಅಗೆಯುವ ಗುದ್ದಲಿಯ ಜೊತೆಗೆ ಉಪಗ್ರಹದ ಚಿತ್ರ, ಇಷ್ಟೇ ವ್ಯತ್ಯಾಸ. ಈ ಪಾಠವನ್ನು ಮೊದಲ ಬಾರಿಗೆ ಓದಿದಾಗ, ನಮ್ಮ ಊರಿನ ಹಿರಿಯರು “ಅದು ಹದಿನಾರಾಣೆ ಭೂಮಿ” ಎನ್ನುತ್ತಿದ್ದುದು ನನಗೆ ನೆನಪಾಯಿತು.

ಆದರೆ ಇದನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಈ ಮೋಜಣಿಯ ಗುರಿ ಕಂದಾಯ. ಕಂದಾಯ ಕೊಡದ ಗೋಮಾಳ, ಹಳ್ಳದ ದಂಡೆ, ಕುರುಚಲು ಕಾಡು ಇವುಗಳಿಗೆ ಪುಸ್ತಕದಲ್ಲಿ ಸಿಕ್ಕ ಜಾಗ ಅಲ್ಪ. ದನ ಮೇಯಿಸುವವನಿಗೂ ಸೌದೆ ಆಯುವವಳಿಗೂ ಅದು ಬದುಕು, ಪುಸ್ತಕಕ್ಕೆ ಮಾತ್ರ ಬೀಳು. ಮೇಲಾಗಿ ಮೂವತ್ತು ವರ್ಷಗಳ ಅವಧಿ ಮುಗಿದ ಮೇಲೆ ೧೮೬೭ರಲ್ಲಿ ಇಂದಾಪುರದ ಕಂದಾಯವನ್ನು ಅರ್ಧಕ್ಕೂ ಮೇಲ್ಪಟ್ಟು ಏರಿಸಿದರು. ಅಮೆರಿಕೆಯ ಅಂತರ್ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿದಿದ್ದ ಕಾಲ. ರೈತರು ಸಾಲದಲ್ಲಿ ಮುಳುಗಿದರು. ೧೮೭೫ರ ಮೇ ತಿಂಗಳಲ್ಲಿ ಭೀಮಥಡಿ ತಾಲ್ಲೂಕಿನ ಸುಪೆಯಲ್ಲಿ ಅವರು ಸಾವಕಾರರ ಮೇಲೆ ತಿರುಗಿಬಿದ್ದರು, ಪುಣೆ ಅಹಮದನಗರ ಜಿಲ್ಲೆಗಳಲ್ಲಿ ಆ ದಂಗೆ ಹಬ್ಬಿತು. ಅವರು ಹುಡುಕಿ ಸುಟ್ಟದ್ದು ಹೆಚ್ಚಾಗಿ ಸಾಲಪತ್ರಗಳನ್ನು. ತನ್ನ ಬದುಕಿಗೆ ತಾಳೆಯಾಗದ ಲೆಕ್ಕವನ್ನು ಮನುಷ್ಯ ಕೊನೆಗೆ ಬೆಂಕಿಗೆ ಹಾಕುತ್ತಾನೆ. ಬ್ಯಾಂಕಿನಲ್ಲಿ ಕುಳಿತವನು ಈ ಇತಿಹಾಸವನ್ನು ಮರೆಯಬಾರದು.

ಎರಡು ಕಪಾಟುಗಳು ಒಂದಾದ ಬಗೆ

ಖಾತೆಯನ್ನೂ ನಕಾಶೆಯನ್ನೂ ಯಂತ್ರದಲ್ಲಿ ಒಂದುಮಾಡಿದ ಕಥೆಗೆ ನಾವು ಕೆನಡಾ ದೇಶಕ್ಕೆ ಹೋಗಬೇಕು. ರೋಜರ್ ಟಾಮ್ಲಿನ್‌ಸನ್ ಎಂಬ ಭೂಗೋಳಜ್ಞ ಒಂದು ವಿಮಾನಮೋಜಣಿ ಕಂಪನಿಯಲ್ಲಿದ್ದ. ಆಫ್ರಿಕದ ಕೆನ್ಯಾದಲ್ಲಿ ಗಿಡಗಳ ತೋಪು ಬೆಳೆಸಲು ತಕ್ಕ ಜಾಗ ಹುಡುಕುವ ಕೆಲಸ ಬಂತು. ಇಳಿಜಾರು, ಮಣ್ಣು, ಹವೆ, ದಾರಿ ಎಲ್ಲವನ್ನೂ ನಕಾಶೆಯ ಮೇಲೆ ನಕಾಶೆಯಿಟ್ಟು ಕೈಯಿಂದ ನೋಡಬೇಕು. ಅದಕ್ಕೆ ತಗಲುವ ವೆಚ್ಚ ಕೇಳಿ ಕೆಲಸವನ್ನೇ ಕೈಬಿಟ್ಟರು. ಕಂಪ್ಯೂಟರಿಗೆ ಇದನ್ನು ಕಲಿಸಬಾರದೇಕೆ ಎಂಬ ಯೋಚನೆ ಅವನಿಗೆ ಹೊಳೆದದ್ದು ಆಗ. ೧೯೬೨ರಲ್ಲಿ ವಿಮಾನಪ್ರಯಾಣದಲ್ಲಿ ಪಕ್ಕದ ಆಸನದಲ್ಲಿ ಕುಳಿತಿದ್ದವನು ಕೆನಡಾದ ಭೂಸಂಪತ್ತಿನ ಲೆಕ್ಕದ ಹೊಣೆ ಹೊತ್ತಿದ್ದ ಲೀ ಪ್ರಾಟ್. ಮಾತಿಗೆ ಮಾತು ಬೆಳೆದು ಕೆಲಸ ಪ್ರಾರಂಭವಾಯಿತು. ವ್ಯವಸಾಯ, ಅಡವಿ, ವನ್ಯಪ್ರಾಣಿಗಳು, ವಿಹಾರಸ್ಥಾನಗಳು ಹೀಗೆ ಒಂದೇ ನೆಲ ಯಾವುದಕ್ಕೆ ಎಷ್ಟು ತಕ್ಕದ್ದೆಂದು ತರಗತಿ ಮಾಡುವ ಆ ಯೋಜನೆಗೆ ಐ.ಬಿ.ಎಂ. ಯಂತ್ರಗಳ ನೆರವಿನಿಂದ ಕಟ್ಟಿದ ವ್ಯವಸ್ಥೆಯೇ ಲೋಕದ ಮೊದಲ ಜಿ.ಐ.ಎಸ್. ಎನಿಸಿತು. ೨೦೧೪ರಲ್ಲಿ ತೀರಿಕೊಂಡ ಟಾಮ್ಲಿನ್‌ಸನ್ನನನ್ನು ಆ ವಿದ್ಯೆಯ ಜನಕನೆಂದೇ ಕರೆಯುತ್ತಾರೆ. ಗಮನಿಸಿ, ಇದು ಹುಟ್ಟಿದ್ದು ಯುದ್ಧಕ್ಕಾಗಿ ಅಲ್ಲ, ವ್ಯಾಪಾರಕ್ಕಾಗಿಯೂ ಅಲ್ಲ. ನೆಲವನ್ನು ಯಾವುದಕ್ಕೆ ಬಳಸಬೇಕೆಂಬ ಪ್ರಶ್ನೆಗಾಗಿ.

ನಮ್ಮ ದೇಶವೂ ಸುಮ್ಮನಿರಲಿಲ್ಲ. ವಿಮಾನದಿಂದ ತೆಗೆದ ಚಿತ್ರಗಳನ್ನು ಓದುವ ವಿದ್ಯೆಗಾಗಿ ೧೯೬೬ರಲ್ಲಿ ಡಚ್ಚರ ನೆರವಿನಿಂದ ಡೆಹರಾಡೂನಿನಲ್ಲಿ ಒಂದು ಸಂಸ್ಥೆ ತೆರೆಯಿತು. ಅದೇ ಇಂದಿನ ಭಾರತೀಯ ದೂರಸಂವೇದನ ಸಂಸ್ಥೆ. ೧೯೭೦ರಲ್ಲಿ ಪಿ. ಆರ್. ಪಿಷಾರಟಿಯವರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಚಿತ್ರ ತೆಗೆಸಿದರು. ತೆಂಗಿಗೆ ಬೇರು ಸೊರಗುವ ರೋಗ ತಗಲಿತ್ತು. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಆರೋಗ್ಯವಂತ ಎಲೆ ಹೆಚ್ಚಾಗಿ ಹಿಂದಕ್ಕೆ ಚಿಮ್ಮುತ್ತದೆ, ಸೊರಗಿದ ಎಲೆ ಕಡಿಮೆ. ಆ ಬೆಳಕನ್ನು ಹಿಡಿಯುವ ಫಿಲ್ಮಿನಲ್ಲಿ ರೋಗದ ಮರಗಳು ಬೇರೆಯಾಗಿಯೇ ಕಂಡುವು. ಭಾರತದಲ್ಲಿ ದೂರಸಂವೇದನೆಯ ಪ್ರಾರಂಭವೇ ಒಂದು ಬೆಳೆಯ ರೋಗದಿಂದ ಎಂಬುದು ಸಂತೋಷದ ಸಂಗತಿ.

ಮುಂದೆ ೧೯೮೮ರ ಮಾರ್ಚ್ ೧೭ರಂದು ಐ.ಆರ್.ಎಸ್.-೧ಎ ಉಪಗ್ರಹ ಬೈಕನೂರಿನಿಂದ ಮೇಲೇರಿತು. ಇಪ್ಪತ್ತೆರಡು ದಿನಗಳಿಗೊಮ್ಮೆ ಅದು ಅದೇ ನೆಲದ ಮೇಲೆ ಮರಳಿ ಹಾದುಹೋಗುತ್ತಿತ್ತು. ಮೂವತ್ತಾರು ಮೀಟರಿನಷ್ಟು ಚೌಕವನ್ನು ಗುರುತಿಸಬಲ್ಲ ಕಣ್ಣು ಅದಕ್ಕಿತ್ತು. ಆಗ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ನಮ್ಮ ಯು. ಆರ್. ರಾವ್ ಅವರು. ೧೯೯೨ರಲ್ಲಿ ಪ್ರಾರಂಭವಾಗಿ ನೂರೆಪ್ಪತ್ತಕ್ಕೂ ಹೆಚ್ಚು ಜಿಲ್ಲೆಗಳಿಗೆ ಹಬ್ಬಿದ ಸಮಗ್ರ ಯೋಜನೆಯಲ್ಲಿ ಬಂಡೆ, ಮಣ್ಣು, ಇಳಿಜಾರು, ಅಂತರ್ಜಲ, ನೆಲದ ಬಳಕೆ ಇವುಗಳ ಪದರಗಳನ್ನು ಹಾಸಿ ನೆಲಜಲಗಳ ಯೋಜನೆ ಹಾಕಿದರು. ಬಂಡೆಯಲ್ಲಿ ಬಿರುಕಿದ್ದು ನೆಲ ಸಮವಾಗಿದ್ದರೆ ಅಲ್ಲಿ ಇಂಗುಕೆರೆ, ಹಳ್ಳದ ಪಾತ್ರ ಕಿರಿದಾಗಿ ದಂಡೆ ಗಟ್ಟಿಯಿದ್ದರೆ ಅಲ್ಲಿ ತಡೆಯಣೆ, ಮಣ್ಣು ತೆಳುವಾಗಿ ಇಳಿಜಾರಾಗಿದ್ದರೆ ಅಲ್ಲಿ ಹುಲ್ಲು, ಗಿಡ. ಕರ್ನಾಟಕದಲ್ಲಿ ಕಳೆದ ದಶಕಗಳಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆ ಇದೇ ದಾರಿಯಲ್ಲಿ ಸಾಗಿ, ಉಪಗ್ರಹದ ಚಿತ್ರದ ಜೊತೆಗೆ ಹಳ್ಳಿಯವರ ಮಾತನ್ನೂ ಕೂಡಿಸಿಕೊಂಡಿತು.

ಖಾತೆಯ ಕಡೆಯೂ ಕೆಲಸ ನಡೆಯಿತು. ೨೦೦೦-೦೧ರ ಸುಮಾರಿಗೆ ಕರ್ನಾಟಕ ಸರಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆದರೆ ಏರಿದ್ದು ಖಾತೆ ಮಾತ್ರ. ನಕಾಶೆಯನ್ನು ಜೋಡಿಸುವ ಕೆಲಸ ತಡವಾಗಿ ಬಂತು. ಈಗ ಕರ್ನಾಟಕದಲ್ಲಿ ‘ದಿಶಾಂಕ್’ ಎಂಬ ಆ್ಯಪ್ ಇದೆ. ಹೊಲದಲ್ಲಿ ನಿಂತು ಅದನ್ನು ತೆರೆದರೆ ನಿಂತ ಜಾಗದ ಸರ್ವೇ ನಂಬರು ಕಾಣುತ್ತದೆ. ಕೊಂಡಿ ಬಿದ್ದಂತಾಯಿತು. ಆದರೂ ಖಾತೆಯಲ್ಲಿ ಬಾವಿ ಎಂದಿದ್ದು ನೆಲದಲ್ಲಿ ನೀರಿಲ್ಲದಿದ್ದರೆ ಯಾವ ಯಂತ್ರವೂ ತಾನಾಗಿ ಅದನ್ನು ತಿದ್ದಲಾರದು.

ನಾನು ಕಲಿತದ್ದು

ಡೆಹರಾಡೂನಿನ ಸಂಸ್ಥೆ ೨೦೦೭ರಿಂದ ದೂರಶಿಕ್ಷಣದ ಪಾಠಗಳನ್ನು ನಡೆಸುತ್ತ ಬಂದಿದೆ. ಬ್ಯಾಂಕಿನ ಕೆಲಸ ಮುಗಿಸಿ ಮನೆಗೆ ಬಂದು, ಮಕ್ಕಳು ಮಲಗಿದ ಮೇಲೆ ನಾನು ಅವುಗಳನ್ನು ಕೇಳತೊಡಗಿದೆ. ತಂತ್ರಾಂಶಕ್ಕೆ ಹಣ ಕೊಡಬೇಕಾಗಲಿಲ್ಲ. ೨೦೦೨ರಲ್ಲಿ ಗ್ಯಾರಿ ಶೆರ್ಮನ್ ಎಂಬಾತ ಪ್ರಾರಂಭಿಸಿ, ಇಂದು ಲೋಕದ ನಾನಾ ಕಡೆಯ ಜನ ಬೆಳೆಸುತ್ತಿರುವ ಕ್ಯೂ.ಜಿ.ಐ.ಎಸ್. ಎಲ್ಲರಿಗೂ ಮುಕ್ತವಾಗಿ ಸಿಗುತ್ತದೆ. ಖಾತೆಯ ಭಾಗ ನನಗೆ ಕಷ್ಟವಾಗಲಿಲ್ಲ. ಹೊ಼ಲಕ್ಕೊಂದು ನಂಬರು, ನಂಬರಿಗೊಂದು ಸಾಲು, ಎರಡು ಪಟ್ಟಿಗಳನ್ನು ನಂಬರಿನಿಂದ ಜೋಡಿಸುವುದು, ಇದೆಲ್ಲ ನಮ್ಮ ನಿತ್ಯದ ಕೆಲಸ. ಕಷ್ಟವಾದದ್ದು ನಕಾಶೆಯ ಭಾಗ.

ಮೊದಲ ಅಭ್ಯಾಸಕ್ಕೆ ನನ್ನ ಊರನ್ನೇ ಆರಿಸಿಕೊಂಡೆ. ಸರ್ವೇ ಆಫ್ ಇಂಡಿಯಾದ ಹಳೆಯ ನಕಾಶೆಯೊಂದನ್ನು ಕೆಳಗೆ ಹಾಸಿ, ಮೇಲೆ ಉಪಗ್ರಹದ ಚಿತ್ರವನ್ನಿಟ್ಟೆ. ಊರ ಕೆರೆ ಎರಡಾಗಿ ಕಂಡಿತು! ನಕಾಶೆಯ ಕೆರೆ ಒಂದು ಕಡೆ, ಚಿತ್ರದ ಕೆರೆ ನೂರಾರು ಅಡಿ ಪಕ್ಕಕ್ಕೆ. ಎರಡು ರಾತ್ರಿ ತಲೆಕೆಡಿಸಿಕೊಂಡ ಮೇಲೆ ಕಾರಣ ತಿಳಿಯಿತು. ಹಳೆಯ ನಕಾಶೆ ಎವರೆಸ್ಟನ ೧೮೩೦ರ ಲೆಕ್ಕದ ಭೂಮಿಯ ಮೇಲೆ ಕುಳಿತಿದೆ, ಉಪಗ್ರಹದ ಚಿತ್ರ ಇಂದಿನ ಜಾಗತಿಕ ಲೆಕ್ಕದ ಮೇಲೆ. ಎರಡಕ್ಕೂ ಭೂಮಿಯ ಆಕಾರವೂ ಕೇಂದ್ರವೂ ಸ್ವಲ್ಪ ಬೇರೆ. ಅದನ್ನು ಯಂತ್ರಕ್ಕೆ ತಿಳಿಸಿದೊಡನೆ ಎರಡು ಕೆರೆಗಳು ಒಂದಾದುವು. ಬೀದರಿನ ಬಯಲಿನಲ್ಲಿ ಬಿಸಿಲಿಗೆ ಹಿಗ್ಗಿದ ಸರಪಳಿಯ ಲೆಕ್ಕ ಆ ರಾತ್ರಿ ನನ್ನ ಮೇಜಿನವರೆಗೆ ಬಂದಿತ್ತು. ಇತಿಹಾಸ ಗೊತ್ತಿಲ್ಲದವನಿಗೆ ಈ ವಿದ್ಯೆ ಪೂರ್ತಿ ಬರುವುದಿಲ್ಲವೆಂದು ನನಗೆ ಮನವರಿಕೆಯಾದದ್ದು ಅಂದು. ೨೦೦೫ರ ರಾಷ್ಟ್ರೀಯ ನಕಾಶೆ ನೀತಿಯ ನಂತರ ಸಾರ್ವಜನಿಕರಿಗಾಗಿ ಹೊರಬಂದ ನಕಾಶೆಗಳು ಹೊಸ ಲೆಕ್ಕದ ಮೇಲೆಯೇ ಇವೆ. ೨೦೨೧ರ ಫೆಬ್ರವರಿಯ ಮಾರ್ಗಸೂಚಿಗಳಿಂದ ನಕಾಶೆ ಮಾಡುವ ಕೆಲಸಕ್ಕಿದ್ದ ಹಳೆಯ ನಿರ್ಬಂಧಗಳೂ ಬಹುಮಟ್ಟಿಗೆ ಸಡಿಲಾದುವು.

ಆಮೇಲೆ ದಸರೆಗೆ ಊರಿಗೆ ಹೋದಾಗ ನನ್ನ ನಕಾಶೆಯನ್ನು ಅಚ್ಚು ತೆಗೆದು ಒಯ್ದೆ. ಚಾವಡಿಯ ಕಟ್ಟೆಯ ಮೇಲೆ ಹಾಸಿದೆ. ಹತ್ತು ನಿಮಿಷದಲ್ಲಿ ಹಿರಿಯರು ಸುತ್ತುವರಿದರು. “ಈ ಹಳ್ಳ ಇಲ್ಲಿ ಇಲ್ಲೋ ತಮ್ಮಾ, ಮಹಾಪೂರ ಬಂದ ವರ್ಷ ಆ ಕಡೆ ಸರದೈತಿ” ಎಂದರು ಒಬ್ಬರು. ನಾನು ಗುರುತಿಸಿದ್ದ ಬಾವಿಗಳಲ್ಲಿ ನಾಲ್ಕು ಬತ್ತಿದ್ದುವು, ಎರಡು ಮುಚ್ಚಿದ್ದುವು. ಗುರುತಿಸದೆ ಬಿಟ್ಟಿದ್ದ ಒಂದು ಬಾವಿಯಲ್ಲಿ ಬೇಸಿಗೆಯಲ್ಲೂ ನೀರಿತ್ತು. ಅದನ್ನು ತೋರಿಸಿದವಳು ನಿತ್ಯ ಅಲ್ಲಿಂದ ನೀರು ಹೊರುವ ನಮ್ಮ ದೊಡ್ಡವ್ವ. ಉಪಗ್ರಹಕ್ಕೂ ಗೊತ್ತಿಲ್ಲದ, ಉತಾರದಲ್ಲೂ ಇಲ್ಲದ ಸಂಗತಿ ಅವಳ ಕೊಡಕ್ಕೆ ಗೊತ್ತಿತ್ತು. ಅಂದು ನಾನು ತಿದ್ದಿದ ನಕಾಶೆ ಅಲ್ಪವಾದದ್ದು, ಯಾವ ಕಚೇರಿಯಲ್ಲೂ ಅದಕ್ಕೆ ಬೆಲೆಯಿಲ್ಲ. ಆದರೆ ನಾನು ಮಾಡಿದ ಲೆಕ್ಕಗಳಲ್ಲಿ ನೆಲಕ್ಕೆ ತಾಳೆಯಾದ ಮೊದಲನೆಯದು ಅದು.

ನಮ್ಮ ಅಹಮದನಗರದ ಕಡೆಯ (ಈಗ ಅಹಿಲ್ಯಾನಗರ) ಹಿವರೆ ಬಾಜಾರ ಎಂಬ ಊರಿನವರು ಮಳೆಯನ್ನು ಅಳೆದು, ಬಾವಿಗಳ ಮಟ್ಟ ನೋಡಿ, ಆ ವರ್ಷದ ನೀರಿನ ಜಮಾಖರ್ಚನ್ನು ಗ್ರಾಮಸಭೆಯಲ್ಲಿ ಓದಿ, ಯಾವ ಬೆಳೆ ಹಾಕಬೇಕೆಂದು ಗೊತ್ತುಮಾಡುತ್ತಾರೆ. ಅವರ ಊರು ಬರದಿಂದ ಪಾರಾದದ್ದು ಒಡ್ಡು ಕಟ್ಟಿದ್ದರಿಂದ ಮಾತ್ರವಲ್ಲ, ಲೆಕ್ಕ ಬರೆದದ್ದರಿಂದ, ಅದನ್ನು ಎಲ್ಲರೂ ಓದಿದ್ದರಿಂದ. ಪ್ರಿಂಗಲನ ಲೆಕ್ಕಕ್ಕೂ ಈ ಲೆಕ್ಕಕ್ಕೂ ಇರುವ ಅಂತರ ಇದೇ. ಅವನದು ಊರಿನ ಮೇಲೆ ಬರೆದ ಲೆಕ್ಕ, ಇದು ಊರೇ ಬರೆದ ಲೆಕ್ಕ.

ಮುಗಿಸುವ ಮೊದಲು

ಇಷ್ಟು ಹೇಳಿ ಒಂದು ವಿನಂತಿ ಮಾಡಿಕೊಳ್ಳುತ್ತೇನೆ. ಈ ವಿದ್ಯೆ ಇಂಜಿನಿಯರರ ಸೊತ್ತಲ್ಲ. ನಮ್ಮ ಸಂಘದ ಮನೆಗಳಲ್ಲಿ ಕಂಪ್ಯೂಟರು ಬಲ್ಲ ಹುಡುಗ ಹುಡುಗಿಯರಿಗೆ ಕೊರತೆಯಿಲ್ಲ. ಊರಿನಲ್ಲಿ ಹೊಲ, ಬಾವಿ, ಕೆರೆಗಳನ್ನು ಬಲ್ಲ ಅಜ್ಜ ಅಜ್ಜಿಯರಿಗೂ ಕೊರತೆಯಿಲ್ಲ. ಇಬ್ಬರ ನಡುವೆ ಇರುವ ಕೊಂಡಿ ಸಡಿಲಾಗುತ್ತಿದೆ. ಸಂಘದ ಸಭಾಗೃಹದಲ್ಲಿ ವಾರಕ್ಕೊಂದು ಸಂಜೆ ಈ ಪಾಠ ನಡೆಯಲಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮೂಲದ ಊರಿನ ನಕಾಶೆ ಮಾಡಿ, ರಜೆಯಲ್ಲಿ ಊರಿಗೆ ಒಯ್ದು, ಅಲ್ಲಿಯವರಿಂದ ತಿದ್ದಿಸಿಕೊಂಡು ಬರಲಿ. ಎರಿ, ಮಸಾರಿ, ಹಳ್ಳ, ಕೊಳ್ಳ, ಒಡ್ಡು, ಬದು ಎಂಬ ನಮ್ಮ ಮಾತುಗಳು ಆ ನಕಾಶೆಯ ಮೇಲೆ ಕನ್ನಡದಲ್ಲಿಯೇ ಮೂಡಲಿ. ಕನ್ನಡದ ಕೆಲಸವೆಂದರೆ ಇದೂ ಒಂದಲ್ಲವೇ?

ಇಂದಾಪುರದ ಬದಿಯಲ್ಲಿ ಹರಿಯುವ ಭೀಮೆಯೇ ಮುಂದೆ ವಿಜಯಪುರ, ಕಲಬುರಗಿಗಳನ್ನು ಹಾದು ಕೃಷ್ಣೆಯನ್ನು ಸೇರುತ್ತಾಳೆ. ಅವಳಿಗೆ ೧೯೫೬ರ ಗೆರೆ ಗೊತ್ತಿಲ್ಲ. ಅವಳ ದಂಡೆಯ ಆ ಹಿರಿಯ ರೈತರು ಈಗಿಲ್ಲ. ಅವರ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಕೇಳಿದ್ದರೆ, “ಉತಾರಕ್ಕೇ ಕೊಟ್ಟಿದ್ವಿ ಅಜ್ಜಾರ, ತಪ್ಪಾತು. ಬರ್‍ರಿ, ಮೊದಲ ಬಾವಿ ನೋಡೂಣು” ಎನ್ನುತ್ತಿದ್ದೆ.